ಎರಡು ಸಲವೂ ಬಲಗಡೆ

ಬೆನ್ನುಮೂಳೆಯ ಡಾಕ್ಟರನ್ನು ಕಾಣಲು ಕಾಯುವ ಜಾಗಕ್ಕೆ ಮೊದಲ ಸಲ ಹೋದವರಿಗೆ ಅಲ್ಲಿ ಜನವೇ ಇಲ್ಲ ಅನ್ನಿಸುತ್ತದೆ. ಸಾಲು ಸಾಲು ಕುರ್ಚಿಗಳು ಖಾಲಿ. ಆಮೇಲೆ ಕಣ್ಣು ಗೋಡೆಯ ಕಡೆ ಹೊರಳುತ್ತದೆ. ಎಲ್ಲರೂ ಅಲ್ಲಿದ್ದಾರೆ. ಒಬ್ಬರು ಗೋಡೆಗೆ ಒರಗಿ, ಒಬ್ಬರು ಒಂದೇ ಕಾಲಿನ ಮೇಲೆ ಭಾರ ಹಾಕಿ, ಇನ್ನೊಬ್ಬರು ಕಿಟಕಿಯ ಕಟ್ಟೆಗೆ ಮೊಣಕೈ ಊರಿ ನಿಂತಿದ್ದಾರೆ. ಕೂರಬಲ್ಲವರು ಜೊತೆಗೆ ಬಂದವರು ಮಾತ್ರ, ಅವರಿಗೂ ಕೂರಲು ಸಂಕೋಚ. ಹೊಸದಾಗಿ ಬಂದಿದ್ದ ಸಿಸ್ಟರ್ ಒಬ್ಬರು ಒಂದು ದಿನ "ಯಾಕ್ರೀ ಎಲ್ಲಾ ನಿಂತಿದೀರಾ? ಇಷ್ಟೊಂದು ಚೇರ್ ಇದೆಯಲ್ಲಾ, ಕೂತ್ಕೊಳ್ರೀ" ಎಂದು ಗದರಿದರು. ಗೋಡೆಯುದ್ದಕ್ಕೂ ಒಂದು ನಗು ಹಾದು ಹೋಯಿತು. ನಗುವುದಕ್ಕೂ ಸೊಂಟ ಬೇಕು ಅನ್ನುವುದು ನನಗೆ ಗೊತ್ತಾದದ್ದು ಆವತ್ತೇ.

ಆ ಗೋಡೆಗೆ ಒರಗಿ ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಪರೇಷನ್ ಮಾಡಿಸಿಕೊಳ್ಳಿ ಎಂದಾಗಲಿ ಬೇಡವೆಂದಾಗಲಿ ನಾನು ಹೇಳುವುದಿಲ್ಲ. ಹಾಗೆ ಹೇಳುವವರು ನನಗೆ ಬೇಕಾದಷ್ಟು ಜನ ಸಿಕ್ಕಿದ್ದರು. ಅವರಲ್ಲಿ ಒಬ್ಬರನ್ನೂ ನಾನು ಅಡ್ಡಪ್ರಶ್ನೆ ಹಾಕದೆ ಬಿಡಲಿಲ್ಲ. ಆ ಅಡ್ಡಪ್ರಶ್ನೆಗಳಿಂದ ಏನು ಉಳಿಯಿತು, ಏನು ಹೋಯಿತು ಅನ್ನುವುದನ್ನಷ್ಟೇ ಹೇಳುತ್ತೇನೆ.

ಪ್ರಶ್ನೆ ಹಾಕುವುದು ನನ್ನ ಹೊಟ್ಟೆಪಾಡು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಹಿಂದೆ ಓಡಾಡಿದವಳು ನಾನು. ಈಗ ಇಂದಿರಾನಗರ, ಕೆ.ಆರ್. ಪುರದ ಕಡೆಯ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತೇನೆ. ಪರವೋ ವಿರೋಧವೋ ಅನ್ನುವುದು ಚೀಟಿ ಎತ್ತಿದ ಮೇಲೆ ತಿಳಿಯುತ್ತದೆ, ಆದ್ದರಿಂದ ಎರಡಕ್ಕೂ ತಯಾರಾಗಿ ಬನ್ನಿ ಅನ್ನುವುದು ನಾನು ಕಲಿಸುವ ಮೊದಲ ಪಾಠ. ನಿಮಗೆ ನಿಜವಾಗಿ ಏನನ್ನಿಸುತ್ತದೆ ಅನ್ನುವುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅದು ಈ ಆಟದ ಸೊಗಸು ಎಂದು ತುಂಬಾ ದಿನ ನಂಬಿದ್ದೆ.

ನೋವು ಮೊದಲು ಸೊಂಟದಲ್ಲಿತ್ತು. ಎಲ್ಲರಿಗೂ ಇರುವಂಥದ್ದೇ ಎಂದುಕೊಂಡು ಮುಲಾಮು ಹಚ್ಚಿದೆ, ಮಾತ್ರೆ ನುಂಗಿದೆ, ಫಿಸಿಯೋಥೆರಪಿಗೆ ಹೋದೆ, ಬೆನ್ನಿಗೆ ಇಂಜೆಕ್ಷನ್ ಕೂಡ ಹಾಕಿಸಿಕೊಂಡೆ. ನೋವು ಹೋಗುವ ಬದಲು ಎಡಗಾಲಿಗೆ ಇಳಿಯಿತು. ಸೊಂಟದ ಕೆಳಗೆ ಹುಟ್ಟಿ, ಮೀನಖಂಡದ ಹೊರಬದಿಯಿಂದ ಹೆಬ್ಬೆರಳಿನವರೆಗೆ ಯಾರೋ ಕಾದ ತಂತಿಯನ್ನು ಎಳೆದ ಹಾಗೆ. ಸೀನು ಬರುವ ಸೂಚನೆ ಸಿಕ್ಕರೆ ಮೊದಲು ಹಿಡಿದುಕೊಳ್ಳಲು ಗೋಡೆ ಹುಡುಕುತ್ತಿದ್ದೆ. ಆಟೊ ಹತ್ತಿದರೆ ಬಾಣಸವಾಡಿಯಿಂದ ಹಲಸೂರಿನವರೆಗಿನ ಒಂದೊಂದು ಹಂಪ್‌ಗೂ ಮುಂಚೆಯೇ "ಅಣ್ಣಾ, ನಿಧಾನ" ಅನ್ನುತ್ತಿದ್ದೆ. ಒಬ್ಬ ಡ್ರೈವರ್ ತಿರುಗಿ ನೋಡಿ, "ಮೇಡಂ, ರೋಡು ನಾನು ಹಾಕ್ಸಿದ್ದಲ್ಲ" ಅಂದಿದ್ದ.

ಎಡಗಾಲಿಗೆ ಚಪ್ಪಲಿ ಹಾಕಿಕೊಳ್ಳಲು ನನಗೆ ಬಗ್ಗಲಾಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಮ್ಮ ನನ್ನ ಕಾಲ ಹತ್ತಿರ ಕೂತು ಪಟ್ಟಿ ಬಿಗಿಯುತ್ತಿದ್ದಳು. ಅವಳಿಗೆ ಮಂಡಿನೋವು. ಕೂರುವಾಗ ಅವಳು "ಅಮ್ಮಾ" ಅನ್ನುತ್ತಿದ್ದಳು, ಕಾಲು ಎತ್ತುವಾಗ ನಾನು "ಅಮ್ಮಾ" ಅನ್ನುತ್ತಿದ್ದೆ. ಹೊರಗಿನಿಂದ ಕೇಳಿದವರಿಗೆ ಏನೋ ಪೂಜೆ ನಡೆಯುತ್ತಿದೆ ಅನ್ನಿಸುತ್ತಿತ್ತೇನೋ.

ನಮ್ಮ ಮನೆ ಇರುವುದು ಬಾಣಸವಾಡಿಯ ಹಳೆಯ ಊರೊಳಗೆ. ತಾತ ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮಹಡಿ ಮೇಲೆ ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗ ಎದೆ ಹಿಡಿದುಕೊಂಡವರು ಆಸ್ಪತ್ರೆ ತಲುಪಲಿಲ್ಲ. ಯಾರನ್ನೂ ಏನನ್ನೂ ಕೇಳಲು ಸಮಯ ಸಿಗಲಿಲ್ಲ ಅನ್ನುವುದು ಅಮ್ಮನ ಇವತ್ತಿನವರೆಗಿನ ಕೊರಗು. ಅಲ್ಲಿಂದೀಚೆಗೆ ಅವಳು ಯಾವುದನ್ನೂ ಊರಮ್ಮನನ್ನು ಕೇಳದೆ ಮಾಡುತ್ತಿರಲಿಲ್ಲ.

ಕೇಳುವುದು ಅಂದರೆ ಹೂವು ಕೇಳುವುದು. ನಮ್ಮ ಊರಮ್ಮನ ಗುಡಿ ಈಗ ಒಂದು ಮೊಬೈಲ್ ಅಂಗಡಿಗೂ ಒಂದು ಪೇಂಟ್ ಅಂಗಡಿಗೂ ನಡುವೆ ಇಕ್ಕಟ್ಟಾಗಿ ಕೂತಿದೆ. ಪೂಜಾರಿ ದೇವಿಯ ಮೈಗೆ ನೀರು ಚಿಮುಕಿಸಿ, ಎರಡೂ ಭುಜದ ಮೇಲೆ ಒದ್ದೆ ಹೂವು ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೈಮುಗಿದು ಕಾಯಬೇಕು. ದೇವಿಯ ಬಲಗಡೆಯ ಹೂವು ಬಿದ್ದರೆ ಆಗಲಿ ಎಂದು ಅಪ್ಪಣೆ. ಎಡಗಡೆಯದು ಬಿದ್ದರೆ ಬೇಡ. ಬೋರ್‌ವೆಲ್ ಎಲ್ಲಿ ಕೊರೆಸುವುದು, ಮೇಲಿನ ಮಹಡಿ ಕಟ್ಟಿಸುವುದೋ ಬೇಡವೋ, ನನ್ನನ್ನು ಕಾಮರ್ಸಿಗೆ ಹಾಕುವುದೋ ಆರ್ಟ್ಸಿಗೋ, ಎಲ್ಲಕ್ಕೂ ಹೂವು ಉತ್ತರ ಕೊಟ್ಟಿದೆ. ಒಂದು ದಾಸವಾಳ ಜಾರದೆ ಇದ್ದಿದ್ದರೆ ನಾನು ಚರ್ಚೆಯ ಕಡೆ ಬರುತ್ತಲೇ ಇರಲಿಲ್ಲ. ಹೂವು ಬೀಳುವುದು ಭೂಮಿ ಎಳೆಯುವುದರಿಂದ, ಯಾವುದು ಮೊದಲು ಒಣಗುತ್ತದೋ ಅದು ಮೊದಲು ಬೀಳುತ್ತದೆ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಅಮ್ಮ ಒಗ್ಗರಣೆ ಹಾಕುತ್ತಲೇ "ಹೂಂ" ಅನ್ನುತ್ತಿದ್ದಳು.

ಸ್ಕ್ಯಾನ್ ಆದ ಮೇಲೆ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಒಂದು ಹಳೆಯ ಆಸ್ಪತ್ರೆಗೆ ಹೋದೆವು. ವಯಸ್ಸಾದ ಸರ್ಜನ್. ಹಿಮ್ಮಡಿಯ ಮೇಲೆ ನಡೆಸಿದರು, ಹೆಬ್ಬೆರಳನ್ನು ಒತ್ತಿ ಹಿಡಿದು ಮೇಲೆ ತಳ್ಳು ಅಂದರು, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

"ಪಾದದಲ್ಲಿ ಬಲ ಇದೆ. ಮೂತ್ರಕ್ಕೆ ತೊಂದ್ರೆ ಇಲ್ಲ. ಅಂದ್ರೆ ಅರ್ಜೆಂಟೇನಲ್ಲ. ಆಪರೇಷನ್ ಮಾಡಿಸ್ಕೊಂಡ್ರೆ ಕಾಲಿನ ನೋವು ಬೇಗ ಇಳೀಬಹುದು. ಬೆನ್ನಿನ ನೋವಿಗೆ ಮಾತ್ರ ನಾನು ಮಾತು ಕೊಡಲ್ಲ. ಕಾಯ್ತೀನಿ ಅಂದ್ರೂ ಕಾಯಬಹುದು."

"ಕಾದ್ರೆ ಹೋಗುತ್ತಾ ಸರ್?"

"ಎಷ್ಟೋ ಜನಕ್ಕೆ ಹೋಗುತ್ತೆ."

"ನನಗೆ?"

"ಗೊತ್ತಿಲ್ಲಮ್ಮ."

"ಹಾಗಾದ್ರೆ ಈಗ್ಲೇ ಮಾಡಿಸ್ಕೊಂಡ್ರೆ ತಪ್ಪಾ?"

"ತಪ್ಪಲ್ಲ."

"ಮಾಡಿಸ್ಕೊಳ್ದೆ ಇದ್ರೆ?"

"ಅದೂ ತಪ್ಪಲ್ಲ."

ನನಗೆ ರೇಗಿತು. ಎರಡೂ ಕಡೆ ಕಾಲಿಡುವ ಇಂಥ ಮಾತನ್ನು ನನ್ನ ಮಕ್ಕಳು ವೇದಿಕೆಯ ಮೇಲೆ ಆಡಿದ್ದರೆ ಅಲ್ಲೇ ಅಂಕ ಕತ್ತರಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮ, ಅಲ್ಲಿಯವರೆಗೆ ಬಾಗಿಲ ಹತ್ತಿರ ನಿಂತಿದ್ದವಳು, ಮುಂದೆ ಬಂದಳು.

"ಡಾಕ್ಟ್ರೇ, ನಿಮ್ಮ ಮಗಳಾಗಿದ್ರೆ ಏನ್ ಮಾಡ್ತಿದ್ರಿ?"

"ನನ್ನ ಮಗಳಾಗಿದ್ರೂ ಅವಳನ್ನೇ ಕೇಳ್ತಿದ್ದೆ ಕಣಮ್ಮ."

ಇಂದಿರಾನಗರದಲ್ಲಿ ಗಾಜಿನ ಬಾಗಿಲಿನ ಇನ್ನೊಂದು ಆಸ್ಪತ್ರೆಗೂ ಹೋದೆವು. ಅಲ್ಲಿ ಡಾಕ್ಟರು ಚಿಕ್ಕವರು, ಇಂಗ್ಲಿಷು ಹೆಚ್ಚು, ಮಾತು ಅದೇ.

ಹಲಸೂರಿನ ಸೋದರತ್ತೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ವಿಷಯ ಕಿವಿಗೆ ಬಿದ್ದ ದಿನವೇ ಬಂದಳು. "ಬೆನ್ನಿಗೆ ಕತ್ತರಿ ಹಾಕ್ಸಿದ್ ಹುಡುಗೀನ ಯಾರೇ ಮಾಡ್ಕೊತಾರೆ? ಮದ್ವೆ ಆಗ್ಲಿ, ಒಂದ್ ಮಗು ಆಗ್ಲಿ, ಆಮೇಲೆ ಏನ್ ಬೇಕಾದ್ರೂ ಕುಯ್ಸ್ಕೊ."

"ಅಂದ್ರೆ ನೋವಿರೋ ಹುಡುಗೀನ ಮಾಡ್ಕೊತಾರೆ, ನೋವು ಹೋಗಿರೋಳ್ನ ಮಾಡ್ಕೊಳ್ಳಲ್ಲ. ಅಲ್ವಾ ಅತ್ತೆ?"

"ನೋವು ಕಾಣಲ್ಲ ಕಣೇ. ಗಾಯ ಕಾಣುತ್ತೆ."

ಒಳ್ಳೆಯ ಉತ್ತರ. ಅವತ್ತು ಅಂಕ ಅತ್ತೆಗೇ. ಅವಳು ಹೋದ ಮೇಲೆ ಬಚ್ಚಲಿನ ಕನ್ನಡಿಯಲ್ಲಿ ನನ್ನ ಬೆನ್ನನ್ನು ನೋಡಿಕೊಳ್ಳಲು ಪ್ರಯತ್ನಪಟ್ಟೆ. ಅಷ್ಟು ತಿರುಗಲು ಆಗಲಿಲ್ಲ.

ಮತ್ತೊಂದು ದಿನ ಅದೇ ಗೋಡೆಯ ಹತ್ತಿರ ನನ್ನ ಪಕ್ಕ ಒಬ್ಬ ಹೆಂಗಸು ನಿಂತಿದ್ದರು. ಶಿವಾಜಿನಗರದಲ್ಲಿ ಗಂಡನದು ಬಟ್ಟೆ ಅಂಗಡಿ, ಹೆಸರು ನಸೀಮಾ. ಆಪರೇಷನ್ ಆಗಿ ಎರಡು ವರ್ಷವಾಗಿತ್ತು, ತೋರಿಸಿಕೊಂಡು ಹೋಗಲು ಬಂದಿದ್ದರು. ಗೋಡೆಯಲ್ಲಿ ಕಂಬ ಮುಂದೆ ಚಾಚಿಕೊಂಡಿದ್ದ ಒಂದು ಜಾಗವಿತ್ತು. ಸೊಂಟದ ಕುಳಿಗೆ ಸರಿಯಾಗಿ ಕೂರುತ್ತಿತ್ತು. ನನ್ನ ಮುಖ ನೋಡಿ ಅವರು ಅದನ್ನು ಬಿಟ್ಟುಕೊಟ್ಟರು. ಆ ಇಡೀ ತಿಂಗಳಲ್ಲಿ ನನಗೆ ಸಿಕ್ಕ ದೊಡ್ಡ ಉಪಕಾರ ಅದು. ನಾನು ಸುಮ್ಮನೆ ಧನ್ಯವಾದ ಹೇಳಬಹುದಿತ್ತು. ಪ್ರಶ್ನೆ ಶುರುಮಾಡಿದೆ.

"ನೋವು ಹೋಯ್ತಾ ಆಂಟಿ?"

"ಕಾಲಿಂದು ಹೋಯ್ತು ಬೇಟಾ. ಬೆನ್ನಿಂದು ಇದೆ, ನನ್ ಜೊತೆನೇ ಬರತ್ತೆ, ನನ್ ಜೊತೆನೇ ಹೋಗತ್ತೆ."

"ಹಾಗಾದ್ರೆ ಮಾಡಿಸ್ಕೊಂಡಿದ್ದು ಒಳ್ಳೇದಾಯ್ತು ಅಂತೀರಾ, ಇಲ್ವಾ?"

"ಅರೆ, ಆಗೋಗಿರೋದನ್ನ ಹೆಂಗೆ ಕೆಟ್ಟದು ಅನ್ಲಿ? ದಿನಾ ಅದರ ಜೊತೆ ಮಲಗ್ಬೇಕಲ್ಲ ನಾನು."

ಮಾಡಿಸಿಕೊಂಡವರು ಮಾಡಿಸಿಕೊಂಡದ್ದೇ ಸರಿ ಅನ್ನುತ್ತಾರೆ, ಬಿಟ್ಟವರು ಬಿಟ್ಟದ್ದೇ ಸರಿ ಅನ್ನುತ್ತಾರೆ, ಹಾಗಾಗಿ ಇಬ್ಬರ ಸಾಕ್ಷಿಯೂ ನಡೆಯುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ತೀರ್ಪು ಸರಿಯಾಗಿಯೇ ಇತ್ತು. ಅದರಿಂದ ನನಗೆ ಏನೂ ಸಿಗಲಿಲ್ಲ.

ಅಮ್ಮ ಹೂವು ಕೇಳೋಣ ಅಂದದ್ದು ಆಗ. ನಾನು ಬರುವುದಿಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ನನ್ನೊಳಗೂ ಯಾರಾದರೂ ಹೇಳಿಬಿಡಲಿ ಅನ್ನುವ ಆಸೆ ಹುಟ್ಟಿತ್ತು, ಅದನ್ನು ಅಮ್ಮನ ಮುಂದೆ ಒಪ್ಪಿಕೊಳ್ಳಲು ಬಿಗುಮಾನ. ಹಾಗಾಗಿ ದಾರಿಯುದ್ದಕ್ಕೂ ವಾದ ಮಾಡಿಕೊಂಡೇ ಹೋದೆ.

ಪೂಜಾರಪ್ಪ ಹೂವು ಅಂಟಿಸಿದರು. ಅಮ್ಮ ಕಣ್ಣು ಮುಚ್ಚಿದಳು. ಪಕ್ಕದ ಮೊಬೈಲ್ ಅಂಗಡಿಯಲ್ಲಿ ಯಾರದೋ ರಿಂಗ್‌ಟೋನ್ ಒಂದಾದ ಮೇಲೊಂದು ಬದಲಾಗುತ್ತಿತ್ತು. ನಾನು ಎರಡೂ ಭುಜಗಳನ್ನು ಸರದಿಯಲ್ಲಿ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಬಲಗಡೆಯದು ಜಾರಿ ಪೀಠದ ಮೇಲೆ ಬಿತ್ತು.

"ಕೊಟ್ಳು" ಅಂದರು ಪೂಜಾರಪ್ಪ. ಅಮ್ಮ ಕಣ್ಣು ಬಿಟ್ಟಳು. ಆ ಮುಖವನ್ನು ನಾನು ಹೇಗೆ ವರ್ಣಿಸಲಿ? ತಿಂಗಳುಗಟ್ಟಲೆ ಹೊತ್ತಿದ್ದ ನೀರಿನ ಕೊಡವನ್ನು ಯಾರೋ ಕೈಹಾಕಿ ಇಳಿಸಿಕೊಂಡ ಹಾಗಿತ್ತು.

"ಏನಂತ ಕೇಳ್ದೆ?" ಅಂದೆ.

"ಮಾಡಿಸ್ಲಾ ತಾಯಿ ಅಂತ."

"ಸರಿ. ಈಗ ಬಿಟ್ಬಿಡ್ಲಾ ಅಂತ ಕೇಳು."

"ಏನು?"

"ಅವಳಿಗೆ ನಿಜವಾಗ್ಲೂ ಗೊತ್ತಿದ್ರೆ ಈ ಸಲ ಎಡಗಡೆ ಬೀಳ್ಬೇಕು. ಬಿದ್ರೆ ನಾನು ಬಾಯಿ ಮುಚ್ಕೊಂಡು ನಾಳೆನೇ ಅಡ್ಮಿಟ್ ಆಗ್ತೀನಿ. ಒಂದೇ ಸಲದ್ದು ನಾನು ಒಪ್ಪಲ್ಲ."

ಪೂಜಾರಪ್ಪ ಕೈ ಒರೆಸಿಕೊಳ್ಳುತ್ತ, "ಹಂಗೆಲ್ಲಾ ಒಂದೇ ವಿಷ್ಯಕ್ಕೆ ಎರಡು ಸಲ ಕೇಳ್ಬಾರ್ದು ಕಣವ್ವ" ಅಂದರು. ಅಮ್ಮ ನನ್ನನ್ನು ನೋಡಿದಳು, ದೇವಿಯನ್ನು ನೋಡಿದಳು. ಅವಳು ಹೆದರಿ ಹಿಂದೆ ಸರಿಯುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಹೆದರಿಕೆಯೇ ಇರಲಿಲ್ಲ.

"ಅಂಟಿಸಿ ಪೂಜಾರಪ್ಪ. ಇವಳಿಗೂ ಗೊತ್ತಾಗ್ಲಿ. ಸುಳ್ಳು ಹೇಳೋಳಲ್ಲ ಅವಳು."

ಹೊಸ ಹೂವು, ಹೊಸ ನೀರು. ಈ ಸಲ ಕಾಯಬೇಕಾಗಿ ಬರಲೇ ಇಲ್ಲ. ಅಮ್ಮ ಕೈಮುಗಿಯುವಷ್ಟರಲ್ಲಿ ಬಲಗಡೆಯ ಹೂವೇ ಮತ್ತೆ ಬಿತ್ತು.

ಪೂಜಾರಪ್ಪ ಬತ್ತಿ ಸರಿಮಾಡುವ ನೆಪದಲ್ಲಿ ಒಳಗೆ ತಿರುಗಿದರು. ನಾನು "ನೋಡಿದ್ಯಾ?" ಅಂದೆ. ಹದಿನೈದು ವರ್ಷದಿಂದ ಅಡುಗೆಮನೆಯಲ್ಲಿ ನಡೆಯುತ್ತಿದ್ದ ವಾದ ಅದು, ಗೆದ್ದಿದ್ದೆ. ಎದುರಾಳಿಯ ಬಾಯಿಂದಲೇ ಒಪ್ಪಿಸುವುದಕ್ಕಿಂತ ದೊಡ್ಡ ಗೆಲುವು ನಮ್ಮ ಆಟದಲ್ಲಿಲ್ಲ.

ಗುಡಿಯಿಂದ ಮನೆಗೆ ನಡೆಯುವಾಗ ಅಮ್ಮ ರಸ್ತೆಯ ಅಂಚನ್ನೇ ನೋಡುತ್ತಿದ್ದಳು. ನಮ್ಮ ಗೇಟಿನ ಹತ್ತಿರ ನಿಂತು, "ಎರಡೂ ಸರಿ ಅಂದ್ಲು, ಅಷ್ಟೇ" ಅಂದಳು. ತನಗೇ ಹೇಳಿಕೊಂಡ ಹಾಗೆ. ಆಮೇಲೆ, "ಡಾಕ್ಟ್ರೂ ಅದನ್ನೇ ತಾನೇ ಅಂದಿದ್ದು."

ಹೌದಲ್ಲ ಅನ್ನಿಸಿತು. ಡಾಕ್ಟರು ಹೇಳಿದಾಗ ನುಣುಚಿಕೊಳ್ಳುವ ಮಾತು, ಹೂವು ಹೇಳಿದಾಗ ಮೂಢನಂಬಿಕೆಯ ಬಣ್ಣ ಬಯಲಾದದ್ದು ಎಂದು ನಾನು ಅಂದುಕೊಂಡಿದ್ದೆ. ಉತ್ತರ ಎರಡೂ ಕಡೆ ಒಂದೇ ಆಗಿತ್ತು. ಅದನ್ನು ಕೇಳಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಯಾವುದಕ್ಕೆ ಕೈಹಾಕಿದರೂ ತಪ್ಪಲ್ಲ ಅಂದರೆ, ಏನೇ ಆದರೂ ಅದು ನಾನೇ ಆರಿಸಿಕೊಂಡದ್ದು. ಬೈಯಲು ಯಾರೂ ಸಿಗುವುದಿಲ್ಲ.

ಅಮ್ಮ ಆಮೇಲೆ ಆ ವಿಷಯ ಎತ್ತಲಿಲ್ಲ. ಬೇರೆ ಯಾವ ವಿಷಯವನ್ನೂ ಹೆಚ್ಚು ಎತ್ತಲಿಲ್ಲ. ಶುಕ್ರವಾರ ಗುಡಿಗೆ ಹೋಗುತ್ತಿದ್ದಳು, ದೀಪ ಹಚ್ಚಿ ಬೇಗ ಬಂದುಬಿಡುತ್ತಿದ್ದಳು. ನಾನು ಮಾತ್ರೆ ನುಂಗಿ ಶಾಲೆಗೆ ಹೋಗಿ, ಮೇಜು ಹಿಡಿದು ನಿಂತು ಪಾಠ ಮಾಡಿ, ಬಂದು ಬೋರಲು ಮಲಗುತ್ತಿದ್ದೆ. ಮಲಗಿದಲ್ಲೇ ಪರವಾಗಿ ವಾದಿಸುತ್ತಿದ್ದೆ, ಮಗ್ಗುಲಾಗಿ ವಿರೋಧವಾಗಿ ವಾದಿಸುತ್ತಿದ್ದೆ. ಎರಡೂ ಕಡೆ ನಾನು ಚೆನ್ನಾಗಿಯೇ ಮಾತಾಡುತ್ತಿದ್ದೆ. ಅದೇ ಕಷ್ಟವಾಗಿತ್ತು.

ಕೊನೆಗೆ ಹೇಗೆ ತೀರ್ಮಾನ ಮಾಡಿದಿರಿ ಎಂದು ಜನ ಕೇಳುತ್ತಾರೆ. ಏನೋ ಯೋಚಿಸಿ ಮಾಡಿದ್ದು ಎಂದು ಹೇಳಿಕೊಳ್ಳಲು ಇಷ್ಟ. ಹಾಗಾಗಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಎಂದಿನಂತೆ ನನ್ನ ಕಾಲ ಹತ್ತಿರ ಕೂತು ಚಪ್ಪಲಿ ಹಾಕಿದಳು. ಹಾಕಿದವಳು ಏಳಲಿಲ್ಲ.

"ಏನಾಯ್ತೇ ಅಮ್ಮ?"

"ಮಂಡಿ ಹಿಡ್ಕೊಂಡ್ಬಿಟ್ಟಿದೆ ಕಣೇ. ಕೈ ಕೊಡು."

ಕೈ ಕೊಟ್ಟೆ. ಅವಳು ಎಳೆದುಕೊಂಡ ಕೂಡಲೇ ನನ್ನ ಕಾಲಿನ ತಂತಿ ಬೆಂಕಿಯಾಗಿ, ಕಿರುಚಿ ಕೈ ಬಿಟ್ಟೆ. ಅವಳು ಮತ್ತೆ ಕೂತಳು. ನನಗೆ ಬಗ್ಗಿ ಎತ್ತಲಾಗದು, ಅವಳಿಗೆ ಏಳಲಾಗದು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೇನೆ, ಅವಳು ನನ್ನ ಪಾದದ ಹತ್ತಿರ, ಒಂದು ಕೈಯಲ್ಲಿ ಇನ್ನೂ ಚಪ್ಪಲಿಯ ಪಟ್ಟಿ. ಮೊದಲು ಅವಳಿಗೆ ನಗು ಬಂತು. ಆಮೇಲೆ ನನಗೆ. ನಗು ಬಂದರೆ ನೋವು, ನೋವು ಬಂದರೆ ಮತ್ತೆ ನಗು. ಯಾವಾಗ ಅದು ಅಳುವಾಯಿತೋ ಗೊತ್ತಾಗಲಿಲ್ಲ.

ಕೆಳಗಿನ ರೂಮಿನಲ್ಲಿ ಕಲಬುರಗಿ ಕಡೆಯ ಶಾಂತಮ್ಮ ಬಾಡಿಗೆಗೆ ಇದ್ದಾಳೆ. ಸದ್ದು ಕೇಳಿ ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತಳು. "ಯವ್ವಾ! ಏನ್ ಮಾಡ್ಲಾಕತ್ತೀರಿ ತಾಯಿ ಮಗಳು? ಒಬ್ರು ನಗ್ಲಾಕತ್ತೀರಿ, ಒಬ್ರು ಅಳ್ಲಾಕತ್ತೀರಿ!" ಎಂದು ಅಮ್ಮನ ಕಂಕುಳಿಗೆ ಕೈಹಾಕಿ ಒಂದೇ ಎತ್ತಿಗೆ ನಿಲ್ಲಿಸಿದಳು. ಆಮೇಲೆ ನನ್ನನ್ನು ನೋಡಿ, "ನಿನ್ನೂ ಎತ್ಲೇನು?" ಅಂದಳು.

ಆವತ್ತು ಮಧ್ಯಾಹ್ನ ಆಸ್ಪತ್ರೆಗೆ ಫೋನ್ ಮಾಡಿ ದಿನ ಕೇಳಿದೆ. ಅಮ್ಮ ಇನ್ನೊಂದು ಸಲ ನನ್ನ ಕಾಲ ಹತ್ತಿರ ಕೂರುವುದು ಬೇಡ ಅನ್ನುವುದೊಂದೇ ಇದ್ದದ್ದು. ಅದು ವಾದವಲ್ಲ. ಯಾರಾದರೂ ಅಡ್ಡಪ್ರಶ್ನೆ ಹಾಕಿದರೆ ನಿಲ್ಲುವುದಿಲ್ಲ. ಒಬ್ಬ ಕೆಲಸದವಳನ್ನು ಇಟ್ಟುಕೊಳ್ಳಬಹುದಿತ್ತು, ಪಟ್ಟಿಯಿಲ್ಲದ ಚಪ್ಪಲಿ ಕೊಳ್ಳಬಹುದಿತ್ತು. ನಾನೇ ಎದುರು ಪಕ್ಷದಲ್ಲಿದ್ದರೆ ಎರಡು ನಿಮಿಷದಲ್ಲಿ ಅದನ್ನು ಪುಡಿಮಾಡುತ್ತಿದ್ದೆ.

ಅಡ್ಮಿಟ್ ಆಗುವ ಹಿಂದಿನ ದಿನ ನನಗೆ ಹೆದರಿಕೆ ಹಿಡಿಯಿತು. ಎದ್ದಾಗ ಕಾಲಿಗೆ ಸ್ವಾಧೀನವೇ ಇಲ್ಲದಿದ್ದರೆ, ಎದ್ದೇ ಏಳದಿದ್ದರೆ. ಅಮ್ಮ ಹಾಸಿಗೆಯ ಮೇಲೆ ಕೂತು ಬ್ಯಾಗಿಗೆ ಟವಲು ತುಂಬುತ್ತಿದ್ದಳು.

"ಅಮ್ಮಾ, ಒಂದ್ಸಲ ಹೋಗಿ ಹೂವು ಕೇಳ್ಕೊಂಡ್ ಬಾ. ನಾನು ಏನೂ ಅನ್ನಲ್ಲ."

ಅವಳು ಟವಲು ಮಡಿಸುವುದನ್ನು ನಿಲ್ಲಿಸಲಿಲ್ಲ. "ಬೇಡ."

"ನಿನಗೋಸ್ಕರ ಹೇಳ್ತಿದೀನಿ."

"ಎಡಗಡೆ ಬಿದ್ರೆ ಏನ್ ಮಾಡ್ಲಿ? ಬಲಗಡೆ ಬಿದ್ರೂ ಇನ್ನೊಂದ್ಸಲ ಕೇಳಿದ್ರೆ ಏನಾಗ್ತಿತ್ತೋ ಅಂತ ಅನ್ಸುತ್ತೆ. ಮುಂಚೆ ಅನ್ಸ್ತಿರ್ಲಿಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು.

ಆಪರೇಷನ್ ಥಿಯೇಟರಿನ ಬಾಗಿಲವರೆಗೆ ಅವಳು ಟ್ರಾಲಿಯ ಪಕ್ಕ ನಡೆದು ಬಂದಳು. ಯಾವ ದೇವರ ಹೆಸರನ್ನೂ ಹೇಳಲಿಲ್ಲ, ಹಣೆಗೆ ಏನೂ ಇಡಲಿಲ್ಲ. "ನಾನು ಇಲ್ಲೇ ಇರ್ತೀನಿ" ಅಂದಳು. ನಾನು ಒಳಗಿದ್ದಷ್ಟು ಹೊತ್ತೂ ಅವಳು ಕೇಳಲು ಯಾರೂ ಇಲ್ಲದೆ ಹೊರಗಿನ ಕುರ್ಚಿಯ ಮೇಲೆ ಕೂತಿದ್ದಳು ಅನ್ನುವುದನ್ನು ಗಾಯ ಮಾಯ್ದ ಮೇಲೂ ಮರೆಯಲು ಆಗಿಲ್ಲ. ಅಪ್ಪ ಹೋದಾಗಲೂ ಅವಳ ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ಅವಳು ಆ ಹೂವನ್ನು ಹುಡುಕಿಕೊಂಡಿದ್ದಳು.

ಕಾಲಿನ ತಂತಿ ಹೋಯಿತು. ಎಚ್ಚರವಾದಾಗ ಮೊದಲು ತಿಳಿದದ್ದು ಅದು ಇಲ್ಲ ಅನ್ನುವುದೇ. ಇಷ್ಟು ದಿನ ಕೂಗುತ್ತಿದ್ದ ಮಿಕ್ಸಿ ತಟ್ಟನೆ ನಿಂತ ಹಾಗೆ. ಬೆನ್ನು ಹಾಗೇ ಇದೆ. ಮೋಡ ಕವಿದ ದಿನ, ಬಹಳ ಹೊತ್ತು ಕೂತ ದಿನ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದ ದಿನ ಅದು ಬರುತ್ತದೆ. ಕಾದಿದ್ದರೆ ಕಾಲಿನದು ತಾನಾಗಿಯೇ ಹೋಗುತ್ತಿತ್ತೋ ಏನೋ. ಅದನ್ನು ಹೇಳಲು ಆಪರೇಷನ್ ಮಾಡಿಸಿಕೊಳ್ಳದ ಇನ್ನೊಬ್ಬ ನಾನು ಬೇಕು. ಅವಳು ಎಲ್ಲಿಯೂ ಇಲ್ಲ. ನಸೀಮಾ ಆಂಟಿ ಹೇಳಿದ್ದು ಈಗ ಅರ್ಥವಾಗುತ್ತದೆ. ನಾನೂ ಇದರ ಜೊತೆಯೇ ಮಲಗಬೇಕು. ನನ್ನ ಚಪ್ಪಲಿ ನಾನೇ ಹಾಕಿಕೊಳ್ಳುತ್ತೇನೆ.

ಈಗ ಮಂಡಿಯ ಸರದಿ. ಹೋದ ವಾರ ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಬದಲಾಯಿಸಬಹುದು. ತಡ್ಕೊತೀನಿ ಅಂದ್ರೆ ಇನ್ನೂ ಸ್ವಲ್ಪ ದಿನ ತಳ್ಳಲೂಬಹುದು" ಅಂದರು. ಅಮ್ಮ ಅವರನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದಳು.

"ಮಾಡಿಸ್ಕೊಳ್ಲಾ, ಬಿಟ್ಬಿಡ್ಲಾ? ನೀನೇ ಹೇಳು. ನೀನು ಹೇಳ್ದಂಗೆ."

"ಹೊರಗೆ ಹೋಗಿ ಯೋಚ್ನೆ ಮಾಡೋಣ ಬಾ" ಅಂದೆ.

ಮಂಡಿನೋವಿನವರಿಗೆ ಕುರ್ಚಿಯಲ್ಲಿ ಕೂರಲು ಆಗುತ್ತದೆ. ಅಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು, ಗೋಡೆ ಖಾಲಿ. ಅಮ್ಮನಿಗೆ ಒಂದು ಜಾಗ ಸಿಕ್ಕಿತು. ನಾನು ಎದುರಿನ ಗೋಡೆಗೆ ಒರಗಿ ನಿಂತೆ. ಪರವಾಗಿ ಏನು ಹೇಳಬೇಕು, ವಿರೋಧವಾಗಿ ಏನು ಹೇಳಬೇಕು, ಎರಡೂ ಬಾಯಲ್ಲಿ ಸಿದ್ಧವಾಗಿದ್ದವು. ಅಮ್ಮ ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ಮೊದಲು ನನ್ನ ಒಂದು ಭುಜ, ಆಮೇಲೆ ಇನ್ನೊಂದು. ಬೆನ್ನು ನೋಯಲು ಶುರುವಾಗಿತ್ತು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಬದಲಾಯಿಸಲಿಲ್ಲ. ಎಡಕ್ಕೂ ಬಲಕ್ಕೂ ವಾಲದೆ ಹಾಗೇ ನಿಂತಿದ್ದೆ.